ಆಟದೊಳಗಿನ ಮನೆ: ಪ್ಲಾಟ್ ಎಷ್ಟು, ಪಾಳಿ ಎಷ್ಟು?

ಕಳೆದ ದೀಪಾವಳಿಗೆ ನನ್ನ ತಂಗಿಯ ಮೊಮ್ಮಗ ಪುಣೆಯಿಂದ ಊರಿಗೆ ಬಂದಿದ್ದ. ಇನ್ನೂ ಆರಂಭವೇ ಆಗದ ಒಂದು ಕಂಪ್ಯೂಟರ್ ಆಟಕ್ಕೆ ಅವನು ಎಂಟು ಸಾವಿರ ರೂಪಾಯಿ ಮುಂಗಡ ಕಟ್ಟಿದ್ದಾನೆಂಬ ಸುದ್ದಿ ಮನೆಯಲ್ಲಿ ಸಣ್ಣದೊಂದು ಜಗಳಕ್ಕೆ ಕಾರಣವಾಯಿತು. ಆಟದ ಹೆಸರು ಇಲ್ಲಿ ಬೇಡ. "ಮುಂಗಡ ಕಟ್ಟಿದವರಿಗೆ ಮೂರು ದಿನ ಮೊದಲ ಬಾಗಿಲು ತೆಗೀತಾರ ಮುತ್ಯಾ, ಒಳಗ ಹೋಗಿ ಮನಿಗೆ ಜಾಗಾ ಹಿಡೀಬಹುದು" ಎಂದ.

"ಒಳಗ ಪ್ಲಾಟ್ ಎಷ್ಟ ಅದಾವೋ?" ಎಂದೆ.

"ಅದನ್ನ ಅವ್ರು ಹೇಳಿಲ್ಲ."

"ಮುಂಗಡ ಕಟ್ಟಿದವರು ಎಷ್ಟ ಮಂದಿ?"

"ಅದೂ ಗೊತ್ತಿಲ್ಲ."

ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದವನಿಗೆ ಈ ಎರಡು ಉತ್ತರಗಳು ಸಾಕಾದವು. ಹುಡುಗನನ್ನೇ ಗುರುವಾಗಿ ಇಟ್ಟುಕೊಂಡು ಎರಡು ತಿಂಗಳು ಈ ವಿಷಯವನ್ನು ಓದಿದೆ. ನಿಮ್ಮ ಮನೆಯಲ್ಲಿಯೂ ಇಂಥ ಮಕ್ಕಳು ಇರಬಹುದೆಂದು ತಿಳಿದದ್ದನ್ನು ಇಂದು ಹೇಳುತ್ತಿದ್ದೇನೆ.

ಮೊದಲು ಇದು ಎಂಥ ಆಟವೆಂದು ತಿಳಿಯಬೇಕು. ಇಸ್ಪೀಟಿನಂತೆ ನಾಲ್ವರು ಕುಳಿತು ಮುಗಿಸುವ ಆಟ ಇದಲ್ಲ. ಸಾವಿರಾರು ಜನ ತಮ್ಮ ತಮ್ಮ ಊರಿನಿಂದಲೇ ಕಂಪ್ಯೂಟರಿನ ಮೂಲಕ ಒಂದೇ ದೇಶದೊಳಗೆ ಪ್ರವೇಶಿಸುತ್ತಾರೆ. ಅಲ್ಲಿ ಕಾಡುಂಟು, ಪೇಟೆಯುಂಟು, ನಾಣ್ಯವುಂಟು. ನೀವು ಮಲಗಿದಾಗಲೂ ಆ ದೇಶ ನಡೆಯುತ್ತಲೇ ಇರುತ್ತದೆ. ವರ್ಷಗಟ್ಟಲೆ ಅಲ್ಲಿ ಓಡಾಡಿದವನಿಗೆ ಒಂದು ಮನೆ ಬೇಕೆನಿಸುವುದು ಸಹಜ. ಬೇಟೆಯಲ್ಲಿ ಗೆದ್ದ ವಸ್ತುವನ್ನು ಗೋಡೆಗೆ ತೂಗುಹಾಕಲು, ಗೆಳೆಯರನ್ನು ಕರೆದು ಕೂರಿಸಲು.

ಕಂಪ್ಯೂಟರಿನಲ್ಲಿ ಬರೆಯುವ ಮನೆಗೆ ಇಟ್ಟಿಗೆ ಬೇಡ, ಮರಳು ಬೇಡ, ಹಾಗಿದ್ದ ಮೇಲೆ ಕೊರತೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಕೊರತೆ ಇರುವುದು ಮನೆಗಲ್ಲ, ಬೀದಿಗೆ. ಎಲ್ಲರೂ ನಡೆದಾಡುವ ಒಂದೇ ಬೀದಿಯ ಮೇಲೆ ಮನೆ ನಿಲ್ಲಬೇಕೆಂದರೆ ಆ ಬೀದಿಗೆ ಒಂದು ಉದ್ದ ಉಂಟು. ಅದಲ್ಲದೆ ಪ್ರತಿ ಮನೆಯ ಪ್ರತಿ ಕುರ್ಚಿ, ಪ್ರತಿ ದೀಪ ಎಲ್ಲಿದೆಯೆಂದು ಕಂಪನಿಯ ಯಂತ್ರ ನೆನಪಿನಲ್ಲಿ ಇಡಬೇಕು. ಹೀಗಾಗಿ ಮೊದಲೇ ಒಂದು ಲೆಕ್ಕ ಹಾಕಿ, ಇಷ್ಟೇ ಪ್ಲಾಟ್ ಎಂದು ನಿಲ್ಲಿಸುತ್ತಾರೆ.

ಇದಕ್ಕೆ ಬೇರೊಂದು ದಾರಿಯೂ ಇದೆ. ಬಾಗಿಲು ಒಂದೇ, ಆದರೆ ತೆರೆದವನು ತನ್ನ ಸ್ವಂತ ಕೋಣೆಗೇ ಹೋಗುತ್ತಾನೆ. ನೂರು ಜನ ಒಂದೇ ಬಾಗಿಲು ತೆರೆದರೆ ನೂರು ಕೋಣೆ. 2004ರ ಎವರ್‌ಕ್ವೆಸ್ಟ್ 2 ಎಂಬ ಆಟದಲ್ಲಿ ಹೀಗೆಯೇ ಮಾಡಿದರು. ಅಲ್ಲಿ ಯಾರಿಗೂ ಕೊರತೆಯಿಲ್ಲ. ಆದರೆ ಕಟ್ಟೆಯ ಮೇಲೆ ಕುಳಿತರೆ ಎದುರಿಗೆ ಹಾದುಹೋಗುವವರೂ ಇಲ್ಲ. ನೆರೆಹೊರೆ ಬೇಕೆನ್ನುವವರು ಇದನ್ನು ಮನೆಯೆಂದೇ ಒಪ್ಪುವುದಿಲ್ಲ. ಅವರ ಮಾತಿನಲ್ಲಿಯೂ ಹುರುಳಿದೆ.

ಬೀದಿಯ ಮೇಲಿನ ಮನೆಯ ಕಥೆ 1997ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಅಲ್ಟಿಮಾ ಆನ್‌ಲೈನ್ ಎಂಬ ಆಟದಿಂದ ಚೆನ್ನಾಗಿ ತಿಳಿಯುತ್ತದೆ. ಇಂಥ ಆಟಗಳಲ್ಲಿ ಲಕ್ಷ ಚಂದಾದಾರರನ್ನು ಮುಟ್ಟಿದ ಮೊದಲನೆಯದು ಅದೇ. ಮನೆಪತ್ರ ಕೊಂಡವನು ಸಮತಟ್ಟಾದ ಬಯಲು ಕಂಡಲ್ಲಿ ಮನೆ ಇಡಬಹುದಿತ್ತು. ಬಯಲೆಲ್ಲ ಬೇಗನೆ ತುಂಬಿತು. ಮೊದಲು ಬಂದವರು ಒಳಗಿನ ಮನೆಗಳನ್ನು ಹೊರಗಿನ ನಿಜವಾದ ಡಾಲರಿಗೆ ಹರಾಜು ಹಾಕತೊಡಗಿದರು. ಒಡೆಯ ಬಹಳ ದಿನ ಬಾರದಿದ್ದರೆ ಮನೆ ಹಳತಾಗಿ ಕುಸಿಯುವ ನಿಯಮವಿತ್ತು. ಕುಸಿಯುವ ಮನೆಯ ಸುತ್ತ ಜನ ಕಾದು ಕುಳಿತು, ಬಿದ್ದ ಕೂಡಲೇ ಸಾಮಾನಿಗೂ ಜಾಗಕ್ಕೂ ಮುಗಿಬೀಳುತ್ತಿದ್ದರು. ಕೊನೆಗೆ 2000ರಲ್ಲಿ ಕಂಪನಿ ಇಡೀ ದೇಶದ ಇನ್ನೊಂದು ಪ್ರತಿಯನ್ನೇ ತೆರೆಯಿತು. ಅಲ್ಲಿಯೂ ಜಾಗ ಹಿಡಿಯಲು ಓಟವೇ ಓಟ. ಇಷ್ಟು ಜನ ಬರುವರೆಂದು, ಬಂದವರು ಮನೆಗಾಗಿ ಹೀಗೆ ಹಂಬಲಿಸುವರೆಂದು ಆರಂಭದಲ್ಲಿ ಅಂದಾಜು ಮಾಡದಿದ್ದದ್ದೇ ಮೂಲ ತೊಡಕು ಎಂದು ನನಗೆ ತೋರುತ್ತದೆ. ಮೊದಲನೆಯವರು, ಕ್ಷಮಿಸಬಹುದು.

ಹದಿನೇಳು ವರ್ಷದ ನಂತರ ಬಂದವರನ್ನು ಕ್ಷಮಿಸುವುದು ಅಷ್ಟು ಸುಲಭವಲ್ಲ. ಆರ್ಕಿಏಜ್ ಎಂಬ ಕೊರಿಯಾದ ಆಟ 2014ರ ಸೆಪ್ಟೆಂಬರಿನಲ್ಲಿ ಅಮೆರಿಕ, ಯುರೋಪುಗಳಿಗೆ ಬಂತು. ನಮ್ಮ ಹುಡುಗನ ಪ್ರಸಂಗಕ್ಕೆ ಬಹಳ ಹತ್ತಿರದ್ದು ಇದೇ. ಮುಂಗಡ ಹಣ ಕೊಟ್ಟು ಪ್ಯಾಕ್ ಕೊಂಡವರಿಗೆ ಕೆಲವು ದಿನ ಮೊದಲೇ ಪ್ರವೇಶ. ಅತಿ ದೊಡ್ಡ ಪ್ಯಾಕಿನ ಬೆಲೆ ಸುಮಾರು 150 ಡಾಲರ್. ಜಮೀನು ಹಿಡಿಯುವ ಹಕ್ಕು ಚಂದಾ ಕಟ್ಟಿದವರಿಗೆ ಮಾತ್ರ. ಬಾಗಿಲು ತೆರೆದ ದಿನ ಒಳಗೆ ಹೋಗಲು ತಾಸುಗಟ್ಟಲೆ ಪಾಳಿ. ಒಳಗೆ ಹೋದರೆ ಒಳ್ಳೆಯ ಜಮೀನೆಲ್ಲ ಗೂಟ ಹೊಡೆದಾಗಿದೆ. ಆ ಆಟದಲ್ಲಿ ಜಮೀನೆಂದರೆ ಬರೀ ಅಂದಕ್ಕಲ್ಲ. ಅಲ್ಲಿ ಬೆಳೆ ಬೆಳೆದು ಮಾರಿಯೇ ಮುಂದೆ ಬರಬೇಕು. ಜಮೀನು ಸಿಕ್ಕವನು ಸಾಹುಕಾರನಾದ, ಸಿಗದವನು ಸಿಕ್ಕವನ ಗಿರಾಕಿಯಾದ. ಮನೆ ಸಿಗದಿದ್ದರೆ ಏನು ಕಳೆದುಕೊಳ್ಳುತ್ತೇನೆ, ಗೋಡೆಯ ಚಿತ್ರವನ್ನೋ ಹೊಟ್ಟೆಯ ಪಾಡನ್ನೋ ಎಂದು ಮೊದಲೇ ವಿಚಾರಿಸಬೇಕೆನ್ನುವುದು ಇದಕ್ಕೇ. ಆ ಆಟ ಅಲ್ಲಿ 2024ರಲ್ಲಿ ಮುಚ್ಚಿಹೋಯಿತು.

ಈಗ ಜಪಾನಿನ ಫೈನಲ್ ಫ್ಯಾಂಟಸಿ 14 ಎಂಬ ಆಟಕ್ಕೆ ಬರೋಣ. ಇದರ ಲೆಕ್ಕವನ್ನು ಕಾಗದದ ಮೇಲೆ ಬರೆಯಬಹುದು. ಆ ಆಟಕ್ಕೆ ಹಲವು 'ವರ್ಲ್ಡ್'ಗಳು, ಅಂದರೆ ಒಂದೇ ದೇಶದ ಬೇರೆ ಬೇರೆ ಪ್ರತಿಗಳು. ಪ್ರತಿ ವರ್ಲ್ಡಿನಲ್ಲಿ ಮನೆಗಳಿರುವ ಬಡಾವಣೆಗಳು 5. ಒಂದು ಬಡಾವಣೆಗೆ 2023ರ ಜನವರಿಯ ನಂತರ 30 ವಾರ್ಡು. ಒಂದು ವಾರ್ಡಿಗೆ 60 ಪ್ಲಾಟು. ಐದು ಮೂವತ್ತಲೆ ನೂರೈವತ್ತು, ಅದನ್ನು ಅರವತ್ತರಿಂದ ಗುಣಿಸಿದರೆ 9,000. ಅದರಲ್ಲಿಯೂ ಕೆಲವು ವಾರ್ಡು ಸಂಘಗಳಿಗೆ, ಕೆಲವು ಒಬ್ಬೊಬ್ಬರಿಗೆ ಎಂದು ಪಾಲು. 2016ರಿಂದ ಕೋಣೆಯಂಥ ಅಪಾರ್ಟ್‌ಮೆಂಟುಗಳನ್ನೂ ಕೊಡುತ್ತಾರೆ, ಆದರೆ ಅಂಗಳದ ಆಸೆ ಕೋಣೆಯಿಂದ ತೀರುವುದೇ?

2022ರ ಏಪ್ರಿಲ್‌ಗಿಂತ ಮೊದಲು ಅಲ್ಲಿನ ಪದ್ಧತಿ ಕೇಳಿದರೆ ನಗು ಬರುತ್ತದೆ, ದುಃಖವೂ ಆಗುತ್ತದೆ. ಖಾಲಿಯಾದ ಪ್ಲಾಟು ಯಾವ ಗಳಿಗೆಯಲ್ಲಿ ಮಾರಾಟಕ್ಕೆ ಬರುವುದೆಂದು ಯಾರಿಗೂ ತಿಳಿಸುತ್ತಿರಲಿಲ್ಲ. ಮುಂದಿನ ಹಲಗೆಯನ್ನು ಒತ್ತುತ್ತ ನಿಲ್ಲಬೇಕು. ಬಂದ ಕ್ಷಣದಲ್ಲಿ ಯಾರ ಬೆರಳು ಬಿತ್ತೋ ಅವರದು. ಜನ ರಾತ್ರಿಯೆಲ್ಲ ಒತ್ತುತ್ತಿದ್ದರು. ಕೆಲವರು ಒತ್ತುವುದಕ್ಕೆಂದೇ ಕಳ್ಳ ಪ್ರೋಗ್ರಾಮು ಇಟ್ಟುಕೊಂಡರು. ಸಂತೆಯ ದಿನ ಬೆಳಗಿನ ಜಾವಕ್ಕೆ ಚೀಲ ಇಟ್ಟು ಜಾಗ ಹಿಡಿಯುವುದನ್ನು ನಾವು ಕಂಡಿದ್ದೇವೆ. ಅಲ್ಲಿ ಚೀಲ ಇಡಲೂ ಬಿಡುವುದಿಲ್ಲ, ನೀವೇ ನಿಂತಿರಬೇಕು.

2022ರ ಏಪ್ರಿಲ್‌ನಲ್ಲಿ ಲಾಟರಿ ತಂದರು. ಸೋಲಾಪುರದ ಕಡೆಯವರಿಗೆ ಮ್ಹಾಡಾ ಮನೆಗಳ 'ಸೋಡತ್' ಗೊತ್ತಲ್ಲ, ಅದೇ ರೀತಿ. ಐದು ದಿನ ಅರ್ಜಿ, ನಾಲ್ಕು ದಿನ ಫಲಿತಾಂಶ. ಬೆಲೆಯಷ್ಟು ಹಣವನ್ನು ಠೇವಣಿ ಇಡಬೇಕು, ಬಾರದವರಿಗೆ ಪೂರ್ತಿ ವಾಪಸು. ಮೊದಲ ಸಲವೇ ಎಡವಟ್ಟಾಯಿತು. ಅನೇಕರು ಅರ್ಜಿ ಹಾಕಿದ್ದ ಪ್ಲಾಟುಗಳಲ್ಲಿ ಗೆದ್ದ ನಂಬರು ಸೊನ್ನೆಯೆಂದು ತೋರಿಸಿತು. ಕಂಪನಿ ಕ್ಷಮೆ ಕೇಳಿ, ಲಾಟರಿ ನಿಲ್ಲಿಸಿ, ಮೇ ತಿಂಗಳಲ್ಲಿ ಸರಿಪಡಿಸಿತು. ಆದರೂ ನನ್ನ ಮಟ್ಟಿಗೆ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ಹಲಗೆಯ ಮೇಲೆ ಎಷ್ಟು ಅರ್ಜಿ ಬಿದ್ದಿವೆಯೆಂದು ಬರೆದಿರುತ್ತದೆ. ಐವತ್ತರಲ್ಲಿ ಒಬ್ಬನೆಂದು ತಿಳಿದವನು ಮಲಗಿ ನಿದ್ದೆ ಮಾಡುತ್ತಾನೆ.

ಕಳೆದುಕೊಳ್ಳುವ ನಿಯಮವನ್ನೂ ಅವರು ಅಂಕಿಯಲ್ಲಿ ಹೇಳಿದ್ದಾರೆ. 45 ದಿನ ಒಡೆಯ ಮನೆಯೊಳಗೆ ಕಾಲಿಡದಿದ್ದರೆ ಮನೆ ನೆಲಸಮ. 2020ರಲ್ಲಿ ಕೊರೋನಾ ಬಂದಾಗ ಈ ನಿಯಮವನ್ನು ತಡೆಹಿಡಿದಿದ್ದರು.

ಇಲ್ಲಿ ನನ್ನ ಕಸುಬಿನ ಒಂದು ಮಾತು. ನಾನಿದ್ದ ಒಂದು ಶಾಖೆಯಲ್ಲಿ ಲಾಕರುಗಳು ಕಡಿಮೆ, ಕೇಳುವವರು ಬಹಳ. ಬಂದವರಿಗೆಲ್ಲ "ಮುಂದಿನ ತಿಂಗಳು ನೋಡೋಣ" ಎನ್ನುವುದು ರೂಢಿ. ನಾನೂ ಹಾಗೆಯೇ ಎನ್ನುತ್ತಿದ್ದೆ. ಒಬ್ಬ ನಿವೃತ್ತ ಶಿಕ್ಷಕಿ ಎರಡು ವರ್ಷ ಪ್ರತಿ ತಿಂಗಳು ಬಸ್ಸಿಗೆ ದುಡ್ಡು ಕೊಟ್ಟು ಬಂದರು. ಒಂದು ದಿನ ನಾಚಿಕೆಯಾಗಿ ಪಟ್ಟಿ ತೆಗೆದು, "ಅಕ್ಕೋರೆ, ನಿಮ್ಮ ನಂಬರು ನಲವತ್ತೊಂದು. ವರ್ಷಕ್ಕೆ ಐದಾರು ಖಾಲಿಯಾಗ್ತಾವ" ಎಂದೆ. ಅವರು ಮನಸ್ಸಿನಲ್ಲಿಯೇ ಭಾಗಿಸಿ, ಸಿಟ್ಟಿನಿಂದ ನನ್ನ ಮುಖ ನೋಡಿದರು. "ಇದನ್ನ ಎರಡು ವರ್ಷದ ಹಿಂದ ಹೇಳಬೇಕಾಗಿತ್ತು" ಎಂದರು. ಆಮೇಲೆ ಬರಲಿಲ್ಲ, ಒಡವೆಗೆ ಬೇರೆ ವ್ಯವಸ್ಥೆ ಮಾಡಿಕೊಂಡರು. ಲಾಕರ್ ಖಾಲಿಯಿಲ್ಲದಿದ್ದರೆ ಅರ್ಜಿದಾರರಿಗೆ ಪಾಳಿಯ ನಂಬರು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನ ಸೂಚನೆಯಲ್ಲಿಯೂ ಹೇಳಿದೆ. ಆಟದ ಕಂಪನಿಗಳಿಗೆ ಹಾಗೆ ಹೇಳುವ ರಿಸರ್ವ್ ಬ್ಯಾಂಕಿಲ್ಲ.

ಬಾಗಿಲು ತೆರೆಯುವ ಮೊದಲೇ ಮಾತು ಸ್ಪಷ್ಟವಾಗಿ ಆಡಿದವರೂ ಇದ್ದಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ 2004ರ ಹಳೆಯ ಆಟದಲ್ಲಿ ಇಪ್ಪತ್ತು ವರ್ಷ ಮನೆಯೇ ಇರಲಿಲ್ಲ. 2024ರ ನವೆಂಬರಿನಲ್ಲಿ ಮನೆ ಕೊಡುವೆವೆಂದು ಬ್ಲಿಝಾರ್ಡ್ ಕಂಪನಿ ಪ್ರಕಟಿಸಿತು. ಬೇಕೆಂದ ಪ್ರತಿಯೊಬ್ಬರಿಗೂ ಮನೆ ಉಂಟು, ಲಾಟರಿ ಇಲ್ಲ, ವಿಪರೀತ ಬೆಲೆ ಇಲ್ಲ, ಚಂದಾ ನಿಂತರೆ ಮನೆ ಕಿತ್ತುಕೊಳ್ಳುವುದಿಲ್ಲ ಎಂದು 2025ರ ಆರಂಭದಲ್ಲಿಯೇ ಬರೆದು ತಿಳಿಸಿತು. ಒಂದು ಓಣಿಯಲ್ಲಿ ಸುಮಾರು 50 ಪ್ಲಾಟು. ತುಂಬುತ್ತ ಬಂದಂತೆ ಯಂತ್ರ ಹೊಸ ಓಣಿ ಹುಟ್ಟಿಸುತ್ತದೆ. ನೆರೆಯವರೂ ಉಂಟು, ಕೊರತೆಯೂ ಇಲ್ಲ. ಆದರೆ ಕೆರೆಯ ದಂಡೆಯ ಪ್ಲಾಟು ಪ್ರತಿ ಓಣಿಯಲ್ಲಿಯೂ ಕೆಲವೇ. 2025ರ ಡಿಸೆಂಬರಿನಲ್ಲಿ ಮುಂದಿನ ಭಾಗಕ್ಕೆ ಮುಂಗಡ ಕೊಟ್ಟವರಿಗೆ ಮೊದಲು ತೆರೆದಾಗ ಅಂಥ ಜಾಗಗಳಿಗೆ ಅವರೇ ಮೊದಲಿಗರಾದರು. ಹಾಗಾಗಿ 'ಎಲ್ಲರಿಗೂ ಮನೆ' ಎಂಬ ಮಾತನ್ನು 'ಎಲ್ಲರಿಗೂ ಬೇಕಾದ ಮನೆ' ಎಂದು ಓದಿಕೊಳ್ಳಬಾರದು. ಕಂಪನಿ ಮೊದಲನೆಯದನ್ನಷ್ಟೇ ಹೇಳಿತ್ತು.

ಮುಂದೆ ಬರುವ ಆಟಗಳ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಬೆಟ್ಟದ ತುದಿಯ ಒಂದು ಸುಂದರ ಮನೆಯ ಚಿತ್ರವಿರುತ್ತದೆ. ಚಿತ್ರ ನೋಡಿದ ಪ್ರತಿಯೊಬ್ಬನೂ ಆ ಮನೆ ತನ್ನದೆಂದೇ ತಿಳಿಯುತ್ತಾನೆ. ಚಿತ್ರದ ಪಕ್ಕದಲ್ಲಿ ಪ್ಲಾಟಿನ ಸಂಖ್ಯೆ, ಹಂಚುವ ಕ್ರಮ, ಕಳೆದುಕೊಳ್ಳುವ ನಿಯಮ ಇವು ಮೂರನ್ನು ಬರೆದರೆ ಮುಂಗಡ ಕಟ್ಟುವವರು ಸ್ವಲ್ಪ ಕಡಿಮೆಯಾಗಬಹುದು. ಬಾಗಿಲು ತೆರೆದ ದಿನ ಬೈಯುವವರೂ ಅಷ್ಟೇ ಕಡಿಮೆಯಾಗುತ್ತಾರೆ.

ನಮ್ಮ ಹುಡುಗ ತನ್ನ ಕಂಪನಿಗೆ ಪತ್ರ ಬರೆದು ಆ ಎರಡು ಸಂಖ್ಯೆಗಳನ್ನು ಕೇಳಿದ. ನಾಲ್ಕನೆಯ ದಿನ ಉತ್ತರ ಬಂತು: ಇನ್ನೂ ತೀರ್ಮಾನವಾಗಿಲ್ಲ, ಸಮಯ ಬಂದಾಗ ತಿಳಿಸುತ್ತೇವೆ. ಓದಿ ನನಗೆ ಲಾಕರಿನ ಅಕ್ಕೋರು ನೆನಪಾದರು. ಮುಂಗಡ ಹಿಂಪಡೆಯಲು ಆಗ ಇನ್ನೂ ಹನ್ನೊಂದು ದಿನವಿತ್ತು. ಒಂದು ವಾರ ಯೋಚನೆ ಮಾಡಿ ಹಣ ವಾಪಸು ತೆಗೆದುಕೊಂಡ. ಆಟವನ್ನೇನು ಬಿಟ್ಟಿಲ್ಲ. ಬಾಗಿಲು ತೆರೆದ ಮೇಲೆ ಎಲ್ಲರ ಜೊತೆಗೆ ಪಾಳಿಯಲ್ಲಿ ಒಳಗೆ ಹೋಗುತ್ತಾನಂತೆ, ಮೊದಲ ವರ್ಷ ಮನೆ ಇಲ್ಲದೆಯೇ ತಿರುಗಾಡಿಕೊಂಡು ಇರುತ್ತಾನಂತೆ.