ಚೆನ್ನೈನಿಂದ ದಿನಕ್ಕೊಂದೇ ಊರು

ಚೆನ್ನೈಗೆ ಬಂದವರಿಗೆ ಟೂರಿನ ಬಸ್ಸುಗಳು ಕಂಚಿ, ಮಹಾಬಲಿಪುರಗಳನ್ನು ಒಂದೇ ದಿನದಲ್ಲಿ ಸುತ್ತಿಸುತ್ತವೆ. ಒಂದು ಟಿಕೆಟ್ಟಿಗೆ ಎರಡು ಊರಾಯಿತಲ್ಲ ಎಂದು ಜನರಿಗೂ ಸಮಾಧಾನ. ಈ ಲೆಕ್ಕಾಚಾರದಲ್ಲಿ ನಷ್ಟವಾಗುವುದು ಕಂಚಿಗೆ. ಅಲ್ಲಿನ ದೊಡ್ಡ ಗುಡಿಗಳು ಮಧ್ಯಾಹ್ನದ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ನಾಲ್ಕರ ಸುಮಾರಿಗೆ. ಸುಮಾರು 75 ಕಿ.ಮೀ. ದೂರದಿಂದ ಬಂದ ಬಸ್ಸು ಅಷ್ಟರೊಳಗೆ ಕಾಮಾಕ್ಷಿ, ಏಕಾಂಬರೇಶ್ವರ, ವರದರಾಜರ ದರ್ಶನ ಮಾಡಿಸಬೇಕು, ರೇಷ್ಮೆ ಸೀರೆಯ ಅಂಗಡಿಗೂ ಹೊತ್ತು ಮಿಗಿಸಬೇಕು. ಊರಿನ ಪಶ್ಚಿಮದ ಅಂಚಿನಲ್ಲಿರುವ ಕೈಲಾಸನಾಥ ಗುಡಿಗೆ ಉಳಿಯುವುದು ಫೋಟೋ ತೆಗೆಯುವಷ್ಟು ಸಮಯ.

ಕನ್ನಡಿಗರು ಕಂಚಿಯಲ್ಲಿ ಮೊದಲು ನೋಡಬೇಕಾದದ್ದು ಆ ಗುಡಿಯನ್ನೇ. ಅದನ್ನು ಕಟ್ಟಿಸಿದವನು ಎಂಟನೆಯ ಶತಮಾನದ ಆರಂಭದ ಪಲ್ಲವ ದೊರೆ ರಾಜಸಿಂಹ. ಅದಕ್ಕೂ ಹಿಂದೆ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮ ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದು, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಬರೆಸಿದ್ದ. ಸುಮಾರು ನೂರು ವರ್ಷದ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿದ. ಊರನ್ನು ಸುಲಿಯಲಿಲ್ಲ, ಈ ಗುಡಿಯ ದೇವರು ರಾಜಸಿಂಹೇಶ್ವರನ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟೆನೆಂದು ಮಂಟಪದ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಗೆದ್ದವನ ಮಾತಾದ್ದರಿಂದ ಅದರಲ್ಲಿ ಸ್ವಲ್ಪ ಆತ್ಮಸ್ತುತಿಯೂ ಇದ್ದೀತು. ಆದರೂ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮೇಲೆ ಈ ಕೈಲಾಸನಾಥದ ಪ್ರಭಾವವನ್ನು ವಿದ್ವಾಂಸರು ಗುರುತಿಸುತ್ತಾರೆ. ಪಟ್ಟದಕಲ್ಲನ್ನು ಕಂಡವರು ಇಲ್ಲಿನ ವಿಮಾನವನ್ನೂ, ಅಂಗಳದ ಸುತ್ತಲಿನ 58 ಪುಟ್ಟ ಗುಡಿಗಳನ್ನೂ ಸಾವಕಾಶವಾಗಿ ನೋಡುತ್ತ ಹೋದರೆ ಆ ಹೋಲಿಕೆಯನ್ನು ತಾವೇ ತೂಗಿ ನೋಡಬಹುದು. ಗೈಡು ಕೈಗಡಿಯಾರ ನೋಡುತ್ತ ನಿಂತಿದ್ದರೆ ಅದಾಗದು.

ಮಹಾಬಲಿಪುರವೂ ಇದೇ ಪಲ್ಲವರ ಊರು, ಕಥೆ ಒಂದೇ ಆದ್ದರಿಂದ ಒಂದೇ ದಿನ ನೋಡುವುದು ಸರಿಯಲ್ಲವೇ ಎನ್ನಬಹುದು. ಕಥೆ ಒಂದೇ, ನಿಜ. ನೋಡುವ ಬಗೆ ಬೇರೆ. ಮಹಾಬಲಿಪುರದ ಬಂಡೆಶಿಲ್ಪ, ರಥಗಳು ಬಯಲಲ್ಲಿವೆ, ಅವಕ್ಕೆ ಮಧ್ಯಾಹ್ನದ ಬೀಗವಿಲ್ಲ, ಬಿಸಿಲೊಂದೇ ಅಡ್ಡಿ. ಕಂಚಿಗೆ ಬೆಳಿಗ್ಗೆ ಬೇಕು. ಇಷ್ಟಕ್ಕೂ ಈ ಎರಡು ಊರುಗಳ ನಡುವಿನ ಹಾದಿಯೇ ಹೆಚ್ಚುಕಡಿಮೆ ಎರಡು ಗಂಟೆ ನುಂಗುತ್ತದೆ. ಟೂರು ಬಿಟ್ಟು ತಾವಾಗಿ ಹೊರಟರೆ ವಯಸ್ಸಾದವರನ್ನು ಸರ್ಕಾರಿ ಬಸ್ಸಿನಲ್ಲಿ ಕರೆದೊಯ್ಯುವುದು ಕಷ್ಟ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅಂಥವರು ಕಾರು ಮಾಡಿಕೊಳ್ಳಲಿ. ಇಲ್ಲಿನ ವಾದ ವಾಹನದ್ದಲ್ಲ, ಹೊತ್ತು ಯಾರ ಕೈಯಲ್ಲಿರಬೇಕು ಎಂಬುದರದ್ದು. ಗಟ್ಟಿಮುಟ್ಟಾದವರಿಗೆ ಕಂಚಿಗೆ ಬಸ್ಸು ಧಾರಾಳ. ಚೆಂಗಲ್ಪಟ್ಟಿನ ಮೇಲೆ ಹೋಗುವ ಲೋಕಲ್ ರೈಲುಗಳೂ ಇವೆ, ಸಂಖ್ಯೆ ಕಡಿಮೆ.

ಟೂರಿನವರ ಪಟ್ಟಿಯಲ್ಲಿ ಅಷ್ಟಾಗಿ ಕಾಣದ ವೇಲೂರಿಗಂತೂ ತಾವಾಗಿ ಹೋಗುವುದೇ ಸುಲಭ. ಬೆಂಗಳೂರು–ಚೆನ್ನೈ ರೈಲುಗಳು ನಿಲ್ಲುವ ಕಾಟ್ಪಾಡಿಯಲ್ಲಿ ಇಳಿದರೆ ಕೋಟೆಗೆ ಸಿಟಿ ಬಸ್ಸು ಉಂಟು. ವಿಜಯನಗರದ ಕಾಲದ ಜಲಕಂಠೇಶ್ವರ ಗುಡಿ ಆ ಕಂದಕದ ಕೋಟೆಯೊಳಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ತಂದಿರಿಸಿದ್ದೂ ಇಲ್ಲಿಯೇ. 1806ರ ಜುಲೈ 10ರಂದು ಇಲ್ಲಿನ ಸಿಪಾಯಿಗಳು ದಂಗೆಯೆದ್ದರು. ಹಣೆಯ ನಾಮ, ವಿಭೂತಿಗಳನ್ನು ನಿಷೇಧಿಸಿ ಹೊಸ ಬಗೆಯ ಟೋಪಿ ಹೇರಿದ್ದು ಅವರ ಸಿಟ್ಟಿಗೆ ಕಾರಣ. ದಂಗೆ ಅಡಗಿದ ಮೇಲೆ ಬ್ರಿಟಿಷರು ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಟಿಪ್ಪುವಿನ ಮನೆಯವರ ಗೋರಿಗಳು ಊರಲ್ಲೇ, ಕೋಟೆಯ ಹೊರಗಿವೆ.