ಮೊದಲ ಸಲದ ಕಣ್ಣೀರು

ಪರೀಕ್ಷಾಪ್ರದರ್ಶನಗಳಲ್ಲಿ ಜನಮನ್ನಣೆ ದೊರೆಯದೆ ಸೊರಗಿದ್ದ ‘ದಿ ನೂಸ್’ ಎಂಬ ನಾಟಕವನ್ನು ಅದರ ಕರ್ತೃವಾದ ವಿಲರ್ಡ್ ಮ್ಯಾಕ್ 1926ರಲ್ಲಿ ತಿದ್ದಿ ಬರೆದಾಗ, ಗಲ್ಲಿಗೇರಲಿರುವ ತರುಣನ ದೇಹವನ್ನಾದರೂ ತನಗೆ ಕೊಡಬೇಕೆಂದು ರಾಜ್ಯಪಾಲನನ್ನು ಅಂಗಲಾಚಿ ಬೇಡುವ ದೃಶ್ಯವು ನಾಟಕದ ಕುಲೀನ ಕನ್ಯೆಯ ಪಾತ್ರದ ಕೈತಪ್ಪಿ, ಮೇಳದಲ್ಲಿ ಕುಣಿಯುವ ಹುಡುಗಿಯೊಬ್ಬಳ ಪಾಲಿಗೆ ಬಂದಿತು. ಅವಳೇ ರೂಬಿ ಸ್ಟೀವನ್ಸ್. ಬ್ರೂಕ್ಲಿನ್ನಿನಲ್ಲಿ 1907ರಲ್ಲಿ ಹುಟ್ಟಿ, ನಾಲ್ಕರ ಎಳವೆಯಲ್ಲಿಯೇ ಟ್ರಾಮಿನ ದುರಂತದಿಂದ ತಾಯಿಯನ್ನು ಕಳೆದುಕೊಂಡು, ಪನಾಮಾ ಕಾಲುವೆಯ ಕೆಲಸಕ್ಕೆ ಹೊರಟುಹೋದ ತಂದೆಯ ಮುಖವನ್ನೂ ಮತ್ತೆ ಕಾಣದೆ, ಪರರ ಮನೆಗಳಲ್ಲಿ ಬೆಳೆದ ಈ ಬಾಲೆಗೆ, ಹಳೆಯ ನಾಟಕವೊಂದರ ನಾಯಿಕೆಯ ಹೆಸರಿಗೆ ಅದರಲ್ಲಿ ಅಭಿನಯಿಸಿದ್ದ ನಟಿಯ ಕುಲನಾಮವನ್ನು ಜೋಡಿಸಿ, ಬಾರ್ಬರಾ ಸ್ಟ್ಯಾನ್‌ವಿಕ್ ಎಂದು ನಾಮಕರಣ ಮಾಡಿದವನೂ ಮ್ಯಾಕನೇ.

ಹಾಲಿವುಡ್ ಮಾತ್ರ ಈಕೆಯನ್ನು ಒಡನೆಯೇ ಒಪ್ಪಲಿಲ್ಲ. ಮೊದಲ ವಾಕ್ಚಿತ್ರಗಳು ಸೋತವು. ನಿರ್ದೇಶಕ ಫ್ರಾಂಕ್ ಕಾಪ್ರಾನ ಸಂದರ್ಶನಕ್ಕೆ ಹೋದವಳು ಮುನಿದು ಎದ್ದು ಬಂದಳು. ಆದರೆ ಈಕೆಯ ಪರೀಕ್ಷಾಚಿತ್ರವೊಂದನ್ನು, ಅದೇ ‘ದಿ ನೂಸ್’ ನಾಟಕದ ಯಾಚನೆಯ ದೃಶ್ಯವನ್ನು, ನೋಡಿದ ಕಾಪ್ರಾ ಕಣ್ಣೀರ್ಗರೆದು, 1930ರ ‘ಲೇಡೀಸ್ ಆಫ್ ಲೀಶರ್’ ಚಿತ್ರಕ್ಕೆ ಆಕೆಯನ್ನೇ ಆರಿಸಿದನು. ಚಿತ್ರೀಕರಣದಲ್ಲಿ ಅವನಿಗೊಂದು ವಿಚಿತ್ರವು ಗೋಚರಿಸಿತು: ಭಾವವೆಲ್ಲವೂ ಮೊದಲ ಸಲದಲ್ಲಿಯೇ ಸಮಗ್ರವಾಗಿ ಹೊಮ್ಮಿ, ಪುನರಾವರ್ತನೆಯಲ್ಲಿ ಬಾಡಿಹೋಗುತ್ತಿತ್ತು. ಆದುದರಿಂದ ಉಳಿದ ನಟರಿಗೆ ಆಕೆಯಿಲ್ಲದೆಯೇ ಅಭ್ಯಾಸ ಮಾಡಿಸಿ, ಹಲವು ಕ್ಯಾಮೆರಾಗಳನ್ನು ಏಕಕಾಲಕ್ಕೆ ತಿರುಗಿಸಿ, ಆ ಒಂದು ಸಲವನ್ನು ಕೈಜಾರದಂತೆ ಹಿಡಿಯತೊಡಗಿದನು. ನಟಿಯ ಸ್ವಭಾವಕ್ಕೆ ಯಂತ್ರವನ್ನೇ ಬಾಗಿಸಿದ ಈ ವಿವೇಕವನ್ನು ನಾನು ಎಷ್ಟು ಮೆಚ್ಚಿದರೂ ಸಾಲದು.

‘ಸ್ಟೆಲ್ಲಾ ಡಲ್ಲಾಸ್’ ಚಿತ್ರದ ತಾಯಿಯೂ, 1944ರ ‘ಡಬಲ್ ಇಂಡೆಮ್ನಿಟಿ’ಯ ಘಾತುಕಿಯೂ ಅನಂತರ ಬಂದರು. ನಾಲ್ಕು ಸಲ ಆಸ್ಕರಿಗೆ ಹೆಸರು ಸೂಚಿತವಾದರೂ ಪ್ರಶಸ್ತಿ ಒಲಿಯಲಿಲ್ಲ. ಪ್ರಾಯ ಕಳೆದ ನಟಿಯರಿಗೆ ತಕ್ಕ ಪಾತ್ರಗಳು ಬತ್ತಿದ ಕಾಲದಲ್ಲಿಯೂ, ಐವತ್ತರ ಅಂಚಿನಲ್ಲಿ, ‘ಫಾರ್ಟಿ ಗನ್ಸ್’ ಚಿತ್ರಕ್ಕಾಗಿ ಓಡುವ ಕುದುರೆಯ ಹಿಂದೆ ನೆಲದಲ್ಲಿ ತಾನೇ ಎಳೆಸಿಕೊಂಡ ಈ ಧೀರೆ, 1965ರಿಂದ ನಾಲ್ಕು ವರ್ಷ ಕಿರುತೆರೆಯ ‘ದಿ ಬಿಗ್ ವ್ಯಾಲಿ’ಯಲ್ಲಿ ಕ್ಯಾಲಿಫೋರ್ನಿಯದ ಜಾನುವಾರು ಕ್ಷೇತ್ರವನ್ನಾಳುವ ವಿಕ್ಟೋರಿಯಾ ಬಾರ್ಕ್ಲಿಯಾಗಿ 112 ಕಂತುಗಳ ಕಥೆಯನ್ನು ಹೊತ್ತಳು. ಮರುಚಿತ್ರಣಕ್ಕೆ ವ್ಯವಧಾನವೇ ಇಲ್ಲದ ದೂರದರ್ಶನದ ಆ ಅವಸರವು ಇತರರಿಗೆ ಶಾಪವಾಗಿದ್ದರೂ, ಮೊದಲ ಸಲದಲ್ಲಿಯೇ ಸರ್ವಸ್ವವನ್ನೂ ಸುರಿಯುವ ಈಕೆಗೆ ಸಹಜವಾಗಿ ಒಗ್ಗಿತೆಂದೇ ನನ್ನ ನಂಬಿಕೆ.

ಗೌರವ ಆಸ್ಕರ್ ಕೈಸೇರಿದುದು 1982ರಲ್ಲಿ. ಅನನುಭವಿಯೆಂದು ಚಿತ್ರದಿಂದ ಕೈಬಿಡಲಿದ್ದ ನಟ ವಿಲಿಯಂ ಹೋಲ್ಡನ್ನನನ್ನು 1939ರಲ್ಲಿ ಪಟ್ಟುಹಿಡಿದು ಉಳಿಸಿ, ತಿದ್ದಿ ತೀಡಿದವಳು ಈಕೆ. ಅವನು ಆ ಗೌರವಕ್ಕೆ ಕೆಲವೇ ತಿಂಗಳ ಮುನ್ನ ತೀರಿಕೊಂಡಿದ್ದನು. ತನಗೆ ಈ ಪ್ರತಿಮೆ ದೊರೆಯಬೇಕೆಂಬ ಅವನ ಹಾರೈಕೆ ಅಂದು ಈಡೇರಿತೆಂದು ಆಕೆ ಗದ್ಗದಿತಳಾಗಿ ನುಡಿದಳು.