ಡಾಕ್ಟರ್ ಸಾಳುಂಕೆಯ ಲ್ಯಾಬೂ ನಮ್ಮೂರ ಕೋರ್ಟೂ

‘ಬೆರಳಚ್ಚು ತೆಗೆದ್ರ ಸಾಕಲ್ರೀ, ಕಳ್ಳ ಯಾರಂತ ಸಂಜಿಗೇ ಗೊತ್ತಾಗ್ತದ!’

ಬಸವಕಲ್ಯಾಣದ ಚಹಾದಂಗಡಿಯಲ್ಲೋ ಹುಮನಾಬಾದಿನ ಕೋರ್ಟಿನ ಆವರಣದಲ್ಲೋ ಇಂಥ ಮಾತು ಕಿವಿಗೆ ಬಿದ್ದರೆ, ಅದರ ಮೂಲ ಪೊಲೀಸ್ ಠಾಣೆಯಲ್ಲ, ಮನೆಯ ಟಿ.ವಿ. 1985ರಲ್ಲಿ ದೂರದರ್ಶನಕ್ಕೆ ಬಂದ ‘ಕರಮಚಂದ್’ ಕ್ಯಾರೆಟ್ ಕಡಿಯುತ್ತ ತಲೆ ಓಡಿಸುತ್ತಿದ್ದ. 1998ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ‘ಸಿಐಡಿ’ಯಲ್ಲಾದರೋ ದಯಾ ಬಾಗಿಲು ಒಡೆದ ಮೇಲೆ ಮಿಕ್ಕಿದ್ದೆಲ್ಲ ಡಾಕ್ಟರ್ ಸಾಳುಂಕೆಯ ಲ್ಯಾಬಿನ ಕೆಲಸ. ಒಂದು ಕೂದಲು ಸಿಕ್ಕರೆ ಸಾಕು, ಜಾಹೀರಾತು ಮುಗಿಯುವುದರೊಳಗೆ ವರದಿ ಸಿದ್ಧ!

ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ‘ಸಿಎಸ್‌ಐ’ ಧಾರಾವಾಹಿ ನೋಡಿದ ಜ್ಯೂರಿಗಳು ಪ್ರತಿ ಮೊಕದ್ದಮೆಯಲ್ಲೂ ಡಿಎನ್‌ಎ ಕೇಳುತ್ತಾರೆಂದು ಅಲ್ಲಿನ ಸರ್ಕಾರಿ ವಕೀಲರು ದೂರಿದರು. ಇದು ಎಷ್ಟು ನಿಜವೆಂಬ ಬಗ್ಗೆ ಸಂಶೋಧಕರಲ್ಲೇ ಒಮ್ಮತವಿಲ್ಲ. ನಮ್ಮಲ್ಲಿ ಆ ಗೊಡವೆಯೇ ಇಲ್ಲ. 1959ರ ಮುಂಬಯಿಯ ನಾನಾವತಿ ಪ್ರಕರಣದಲ್ಲಿ ಒಂಬತ್ತು ಜ್ಯೂರಿಗಳ ಪೈಕಿ ಎಂಟು ಮಂದಿ ‘ನಿರ್ದೋಷಿ’ ಎಂದರೂ ನ್ಯಾಯಾಧೀಶರು ಒಪ್ಪಲಿಲ್ಲ. ಹೈಕೋರ್ಟು ಶಿಕ್ಷೆ ವಿಧಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಆದರೆ ನ್ಯಾಯಾಧೀಶರ ಮುಂದೆ ಬರುವ ಸಾಕ್ಷ್ಯ ನಮ್ಮಂಥವರ ಕೈ ದಾಟಿಯೇ ಹೋಗಬೇಕು. ದೂರು ಕೊಡುವವರು, ಪಂಚನಾಮೆಗೆ ಸಹಿ ಹಾಕುವ ಪಂಚರು, ಕಟಕಟೆ ಏರುವ ಸಾಕ್ಷಿಗಳು ಎಲ್ಲರೂ ಟಿ.ವಿ. ನೋಡುವವರೇ. ವರದಿ ಬರಲು ತಿಂಗಳುಗಳೇ ಹಿಡಿದರೆ ‘ಕೇಸು ಮುಚ್ಚಿಹಾಕಿದರು’ ಎಂಬ ಗುಲ್ಲು. ಕಲಬುರಗಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ, ನಿಜ. ಅಲ್ಲಿಯೂ ಸರದಿ ಇರುತ್ತದೆ. ಒರಟು ಗೋಡೆಯ ಮೇಲೆ ಬೆರಳಚ್ಚು ಮೂಡುವುದೇ ಕಷ್ಟ. ಅಚ್ಚು ಸಿಗಲಿಲ್ಲವೆಂದರೆ ಆರೋಪಿ ಮುಗ್ಧನೆಂದಲ್ಲ. ಮನೆಗೆ ದಿನಾ ಬಂದುಹೋಗುವವನ ಅಚ್ಚು ಸಿಕ್ಕರೆ ಅವನೇ ಕಳ್ಳನೆಂದೂ ಅಲ್ಲ. ಇನ್ನು ಧಾರಾವಾಹಿಗಳ ಮೆಚ್ಚಿನ ಮಂಪರು ಪರೀಕ್ಷೆ? ಒಪ್ಪಿಗೆಯಿಲ್ಲದೆ ಯಾರಿಗೂ ಅದನ್ನು ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಆ ಪ್ರಕರಣದ ಹೆಸರೇ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’.

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಅಳವಡಿಸಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವುಂಟು. ಬಂದ ತಜ್ಞರಿಗೆ ಸಿಗುವುದೇನು? ಕಳುವಾದ ಮನೆಗೆ ಓಣಿಗೆ ಓಣಿಯೇ ನುಗ್ಗಿ ಬೀರು ಮುಟ್ಟಿ ನೋಡಿರುತ್ತದೆ.

ತಾಯ್ತಂದೆಯರು ತಿಳಿದಿರಲೇಬೇಕಾದ ಮಾತೊಂದಿದೆ. ಮಗುವಿನ ಮೇಲೆ ದೌರ್ಜನ್ಯ ನಡೆದಾಗ ಹೆತ್ತ ಕರುಳು ಮೊದಲು ಮಾಡುವುದು ಸ್ನಾನ ಮಾಡಿಸಿ ಬಟ್ಟೆ ಒಗೆಯುವ ಕೆಲಸ. ಹಾಗೆ ಮಾಡದೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಬಟ್ಟೆಯನ್ನು ಕಾಗದದ ಚೀಲದಲ್ಲಿಡಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಪಸೆ ಹಿಡಿದು ಡಿಎನ್‌ಎ ಕೆಡುತ್ತದೆ. ಆಗಲೇ ಒಗೆದುಬಿಟ್ಟಿದ್ದರೂ ದೂರು ಕೊಡಲು ಹಿಂಜರಿಯಬೇಕಿಲ್ಲ. ನೊಂದವರ ಮಾತು ನಂಬುವಂತಿದ್ದರೆ, ಅದೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂದು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ.